ಎದುರು ಮನೆಯವರ ಐವತ್ತನೇ ವರ್ಷ

ನಮ್ಮ ಎದುರು ಮನೆಯ ವಾರೆನ್ ಮತ್ತು ಲೊರೇನ್ ದಂಪತಿಯ ಮದುವೆಯ ಐವತ್ತನೇ ವರ್ಷವನ್ನು ಪುಣೆಯ ನಮ್ಮ ಇಡೀ ಕೊಂಢವಾ ಬಡಾವಣೆ ನೆನಪಿಡುವ ಹಾಗೆ ಆಚರಿಸಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ. ಕೊಂಢವಾ ನೆನಪಿಟ್ಟುಕೊಂಡಿದೆ. ಅಗ್ನಿಶಾಮಕ ದಳದವರೂ ನೆನಪಿಟ್ಟುಕೊಂಡಿದ್ದಾರೆ!

ಇಬ್ಬರೂ ಅಮೆರಿಕದವರು, ಎಪ್ಪತ್ತು ದಾಟಿದವರು. ವಾರೆನ್ ಅಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದವರು. ಅವರ ಚರ್ಚು ವಯಸ್ಸಾದ ಗಂಡ-ಹೆಂಡಿರನ್ನು ಜೋಡಿಯಾಗಿಯೇ ಪರದೇಶಕ್ಕೆ ಸೇವೆಗೆ ಕಳಿಸುತ್ತದಂತೆ. ನಾನು ನಿವೃತ್ತನಾದ ಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಟಿ.ವಿ. ಮುಂದೆ ಕೂತರೆ, ಅವರು ಮೊಮ್ಮಕ್ಕಳನ್ನು ಬಿಟ್ಟು ಪುಣೆಗೆ ಬಂದು ಕೆಲಸಕ್ಕೆ ನಿಂತರು. ಮೇ ತಿಂಗಳ ಬಿಸಿಲಲ್ಲೂ ವಾರೆನ್ನರ ಬಿಳಿ ಅಂಗಿಯ ಇಸ್ತ್ರಿ ಕೆಡಲಿಲ್ಲ, ಟೈ ಸಡಿಲವಾಗಲಿಲ್ಲ. ಅವರು ಆಸ್ಪತ್ರೆಗಳಿಗೆ ಗಾಲಿಕುರ್ಚಿ ಮುಟ್ಟಿಸುತ್ತಿದ್ದರು. ಲೊರೇನ್ ಕಟ್ಟಡ ಕೆಲಸಗಾರರ ಮಕ್ಕಳಿಗೆ ಓದು ಕಲಿಸುತ್ತಿದ್ದರು, ಅವರಿಗಾಗಿ ಶಾಲೆಯ ಚೀಲ ಹೊಲಿಯುತ್ತಿದ್ದರು. ನನ್ನ ಹೆಂಡತಿ ನಾಗವ್ವನಿಗೆ ಜ್ವರ ಬಂದಾಗ ಸೂಪು ತಂದು, ಹಾಸಿಗೆಯ ಪಕ್ಕ ಕೂತು, ಇವಳಿಗೆ ಇಂಗ್ಲಿಷ್ ಬಾರದೆ ಅವರಿಗೆ ಕನ್ನಡ ಬಾರದೆ ಮಧ್ಯಾಹ್ನವಿಡೀ ಹರಟಿದ್ದರು. ಇಂಥವರಿಗೆ ನಾವೇನೂ ಮಾಡದಿದ್ದರೆ ಹೇಗೆ?

ಅವರ ಹಾಲಿನಲ್ಲಿದ್ದ ಮದುವೆಯ ಫೋಟೋದ ಕೆಳಗೆ 11-8 ಎಂದು ತಾರೀಖೂ ಪಕ್ಕದಲ್ಲಿ ವರ್ಷವೂ ಇದ್ದವು. ವರ್ಷ ಲೆಕ್ಕ ಹಾಕಿದೆ. ಬರುವ ಆಗಸ್ಟ್ ಹನ್ನೊಂದಕ್ಕೆ ಸರಿಯಾಗಿ ಐವತ್ತು!

ಸಿಲಿಂಡರ್ ಬಂದರೆ ಇಳಿಸಿಕೊಳ್ಳಲೆಂದು ಅವರು ಒಂದು ಕೀಲಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಅವರು ಹೊರಗೆ ಹೋದಾಗ ಅವರದೇ ಅಡುಗೆಮನೆಯಲ್ಲಿ ಹೋಳಿಗೆ ಮಾಡುವುದು, ಬಾಗಿಲು ತೆರೆದ ಕೂಡಲೇ ತುಪ್ಪದ ಘಮ ಅವರನ್ನು ಎದುರುಗೊಳ್ಳುವುದು, ಇದು ನನ್ನ ಯೋಜನೆ.

"ನಮ್ಮನ್ಯಾಗ ಮಾಡಿ ಒಯ್ದು ಕೊಟ್ರ ಆಗೂದಿಲ್ಲೇನ್ರಿ?" ಎಂದಳು ನಾಗವ್ವ.

"ಹಂಗ ಮಾಡಿದ್ರ ಅದು ಸರ್‌ಪ್ರೈಜ್ ಹೆಂಗಾಗ್ತದ?"

"ಬ್ಯಾಳಿ ಕುದಸಾಕ ಬರ್ತದೇನ್ರಿ ನಿಮಗ?"

ವಿಮಾ ಕಚೇರಿಯ ಒಂದು ವಿಭಾಗವನ್ನೇ ನಡೆಸಿದವನಿಗೆ ಒಂದು ಕುಕ್ಕರ್ ನಡೆಸಲು ಬಾರದೇ ಎಂದು ನಾನು ಗಂಭೀರವಾಗಿ ಕೇಳಿದೆ. ಅವಳು ಎದ್ದು ಒಳಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆಗಸ್ಟ್ ಹನ್ನೊಂದರ ಮಧ್ಯಾಹ್ನ, ಅವರು ಹೊರಗೆ ಹೋದ ಮೇಲೆ, ಅವರ ಒಲೆಯ ಮೇಲೆ ಕಡಲೆಬೇಳೆಯ ಕುಕ್ಕರ್ ಏರಿಸಿದೆ. ಕೀಲಿ, ಮೊಬೈಲು ಎರಡನ್ನೂ ಊಟದ ಮೇಜಿನ ಮೇಲಿಟ್ಟೆ. ಹೂವಿನವನು ಗಂಟೆ ಒತ್ತಿದ. ಎರಡು ಹಾರಗಳನ್ನು ತೆಗೆದುಕೊಳ್ಳಲು ನಾನು ಹೊರಗೆ ಬಂದದ್ದೇ ತಡ, ಮಳೆಗಾಲದ ಗಾಳಿ ಬೀಸಿ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ತಾನಾಗಿಯೇ ಬೀಳುವ ಬೀಗ. ಒಳಗೆ ಕುಕ್ಕರ್ ಸೀಟಿ ಹೊಡೆಯಲು ಶುರು ಮಾಡಿತು.

ಬಾಗಿಲು ತಳ್ಳಲು ಎರಡೂ ಕೈ ಬೇಕಾಗಿತ್ತು. ಹಾರಗಳನ್ನು ಕೊರಳಿಗೆ ಹಾಕಿಕೊಂಡು ಭುಜ ಕೊಟ್ಟು ತಳ್ಳಿದೆ. ಬಾಗಿಲು ಅಲುಗಲಿಲ್ಲ, ಭುಜ ಅಲುಗಿತು. ಸದ್ದಿಗೆ ನಾಗವ್ವ ಹೊರಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀರು ಎಷ್ಟು ಹಾಕೀರಿ?"

"ಹಾಕಿದಂಗ ನೆನಪದ."

ಅಷ್ಟರಲ್ಲಿ ಸೀಟಿ ನಿಂತಿತು. ಸೀಟಿಗಿಂತ ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು. ನಾಗವ್ವ ವಾರೆನ್ನರಿಗೆ ಫೋನ್ ಹಚ್ಚಿದಳು, ಅವರು ಎತ್ತಲಿಲ್ಲ. ಸೊಸೈಟಿಯ ಕಾರ್ಯದರ್ಶಿ ಅಪ್ಪಾಸಾಹೇಬರು ಮೇಲೆ ಬಂದು, ಮರಾಠಿಯಲ್ಲಿ ನನ್ನನ್ನು ವಿಚಾರಿಸಿಕೊಳ್ಳುತ್ತಿರುವಾಗಲೇ ಒಳಗೆ ಢಮ್ ಎಂದಿತು. ಅವರು ಬೈಗುಳವನ್ನು ಅರ್ಧಕ್ಕೇ ಬಿಟ್ಟು ಅಗ್ನಿಶಾಮಕ ದಳಕ್ಕೆ ಕರೆ ಮಾಡಿದರು.

ಬಾಗಿಲ ಸಂದಿಯಿಂದ ಹೊಗೆ ಬಂತು. ಆಗ ನನ್ನ ಜಂಭವೆಲ್ಲ ಇಳಿದುಹೋಯಿತು. ಹಾಲಿನ ಮೂಲೆಯಲ್ಲಿ ಮಕ್ಕಳಿಗೆಂದು ಲೊರೇನ್ ಹೊಲಿದಿಟ್ಟ ಚೀಲಗಳ ರಾಶಿ ಇತ್ತು. ಆ ವಯಸ್ಸಿನ ಕಣ್ಣಿನಲ್ಲಿ, ಮಳೆಗಾಲ ಶುರುವಾದಾಗಿನಿಂದ ಕೂತು ಹೊಲಿದದ್ದು. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ನಾಗವ್ವ ಬಂದು ಪಕ್ಕದಲ್ಲಿ ಕೂತಳು.

ಕೆಂಪು ಗಾಡಿ ಬಂತು, ಏಣಿ ಏರಿತು. ದಳದವನೊಬ್ಬ ಬಾಲ್ಕನಿಯಿಂದ ಒಳಹೊಕ್ಕು, ಗ್ಯಾಸು ಆರಿಸಿ, ಬಾಗಿಲು ತೆರೆದ. ಚೀಲಗಳು ಇದ್ದ ಹಾಗೇ ಇದ್ದವು. ಸುಟ್ಟದ್ದು ಒಲೆಯ ಮೇಲಿನ ಕಿಟಕಿಯ ಪರದೆ ಮಾತ್ರ. ಆದರೆ ಕಡಲೆಬೇಳೆ ಇಡೀ ಛಾವಣಿಗೆ ಗಿಲಾವು ಮಾಡಿತ್ತು.

ಅದೇ ಹೊತ್ತಿಗೆ ದಂಪತಿ ಮೆಟ್ಟಿಲೇರಿ ಬಂದರು. ಲೊರೇನ್ ಯಾರಿಗಾದರೂ ಪೆಟ್ಟಾಯಿತೇ ಎಂದು ಮೊದಲು ಕೇಳಿದರು. ಇಲ್ಲವೆಂದು ಗೊತ್ತಾದ ಮೇಲೆ ನನ್ನ ಕೊರಳಿನ ಹಾರಗಳನ್ನು ಕಂಡು, ಇವತ್ತು ನಿಮ್ಮ ಮದುವೆಯ ದಿನವೇ ಎಂದು ನಮ್ಮನ್ನೇ ಅಭಿನಂದಿಸಿದರು!

ನಮ್ಮದಲ್ಲ, ನಿಮ್ಮದು ಎಂದೆ. ಅಮೆರಿಕದವರು ತಾರೀಖು ಬರೆಯುವಾಗ ತಿಂಗಳನ್ನು ಮೊದಲು ಹಾಕುತ್ತಾರೆ ಎಂದು ವಾರೆನ್ ಮೆತ್ತಗೆ ತಿಳಿಸಿದರು. ಅವರು ಮದುವೆಯಾದದ್ದು ನವೆಂಬರ್ ಎಂಟರಂದು.

ಲೊರೇನ್ ಛಾವಣಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕುರ್ಚಿ ಹಿಡಿದು ಕೂರಬೇಕಾಯಿತು. ಕಣ್ಣೊರೆಸಿಕೊಳ್ಳುತ್ತಾ, ತಮ್ಮ ಅಡುಗೆಮನೆಯಲ್ಲಿ ಇಷ್ಟು ಪ್ರೀತಿಯಿಂದ ಯಾರೂ ಬೇಳೆ ಸುಟ್ಟಿರಲಿಲ್ಲ ಎಂದರು. ವಾರೆನ್ ಟೈ ಬಿಚ್ಚಿದರು. ಅಂಗಿಯ ತೋಳು ಮಡಚಿ, ಸ್ಟೂಲು ಹತ್ತಿ, ಒರೆಸಲು ಹೊರಟ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು ಛಾವಣಿ ಒರೆಸತೊಡಗಿದರು. ನಾನು ಕೆಳಗೆ ಸ್ಟೂಲು ಹಿಡಿದು ನಿಂತೆ. ಮುಖವೆತ್ತಿ ನೋಡಲು ನನಗೆ ನಾಚಿಕೆಯಾಯಿತು. ಮೇಲಾಗಿ, ಬೇಳೆಯೂ ಬೀಳುತ್ತಿತ್ತು.

ಅಷ್ಟರಲ್ಲಿ ನಾಗವ್ವ ನಮ್ಮ ಮನೆಯಿಂದ ಡಬ್ಬಿ ತುಂಬ ಬಿಸಿ ಹೋಳಿಗೆ ತಂದಳು. ನಾನು ಕುಕ್ಕರ್ ಹೊತ್ತು ಹೊರಟ ಕೂಡಲೇ ಅವಳೂ ಬೇಳೆ ಇಟ್ಟಿದ್ದಳಂತೆ.

ಲೊರೇನ್ ದಳದವರನ್ನೂ ಅಪ್ಪಾಸಾಹೇಬರನ್ನೂ ಬಿಡದೆ ಕೂರಿಸಿದರು. ತಿನ್ನುವ ಮುನ್ನ ವಾರೆನ್ ತಲೆ ಬಾಗಿಸಿ ಪ್ರಾರ್ಥನೆ ಮಾಡಿದರು. ನಾಗವ್ವನಿಗಾಗಿ ನಾನು ಒಂದೊಂದು ಸಾಲನ್ನೂ ಪಿಸುದನಿಯಲ್ಲಿ ಕನ್ನಡಕ್ಕೆ ತಿರುಗಿಸಿದೆ. ಹೋಳಿಗೆಗೆ ವಂದನೆ. ಏಣಿ ಹತ್ತಿದವರಿಗೆ ವಂದನೆ. ದೂರದ ಊರಿನಲ್ಲಿ ಇಂಥ ನೆರೆಯವರನ್ನು ಕೊಟ್ಟದ್ದಕ್ಕೆ ವಂದನೆ. ಮುಂದಿನ ಸಾಲನ್ನು ಮಾತ್ರ ನಾನು ತಿರುಗಿಸದೆ ನುಂಗಿಕೊಂಡೆ.

ನಾಗವ್ವ ಮೊಣಕೈಯಿಂದ ತಿವಿದಳು. "ಏನಂದ್ರು, ಹೇಳ್ರಿ."

ಹೇಳಲೇಬೇಕಾಯಿತು. "ನಮ್ಮ ಗೆಳೆಯ ಚನ್ನವೀರನಿಗೆ ದೀರ್ಘಾಯುಷ್ಯ ಕೊಡು, ನವೆಂಬರ್ ಎಂಟರವರೆಗೆ ಅವನನ್ನು ಎಲ್ಲ ಅಡುಗೆಮನೆಗಳಿಂದ ದೂರವಿಡು."

ದಿನವೂ ಇಷ್ಟಲಿಂಗ ಪೂಜೆ ತಪ್ಪಿಸದ ನನ್ನ ನಾಗವ್ವ ಕಣ್ಣು ಮುಚ್ಚಿ, ಕೈ ಮುಗಿದು, ಅಲ್ಲಿದ್ದ ಎಲ್ಲರಿಗಿಂತ ಗಟ್ಟಿಯಾಗಿ ಅಂದಳು: "ಆಮೆನ್‌ರಿ!"