ಅಂಜಲ್ ದರ್ಜೆಯ ಸಿನಿಮಾ

ಮಳೆಗಾಲದಲ್ಲಿ ಮೀನುಗಾರಿಕೆಗೆ ಎರಡು ತಿಂಗಳ ರಜೆ ಘೋಷಿಸುವ ಸರ್ಕಾರ ಮೀನಿನ ಸಂತಾನದ ಬಗ್ಗೆ ಯೋಚಿಸುತ್ತದೆಯೇ ಹೊರತು ಮೀನುಗಾರರ ಹೆಂಡತಿಯರ ಬಗ್ಗೆ ಯೋಚಿಸುವುದಿಲ್ಲ ಎಂಬುದು ಬೀಜಾಡಿಯ ಹರಿಣಾಕ್ಷಿಯ ಬಹುಕಾಲದ ದೂರು. ಮೀನು ಮೊಟ್ಟೆಯಿಡಲಿ, ಮರಿ ಮಾಡಲಿ, ಸಂತೋಷ. ಆದರೆ ಅಷ್ಟು ದಿನ ಗಂಡಸರನ್ನು ಇಡುವುದೆಲ್ಲಿ? ಬೋಟನ್ನಾದರೆ ದಡಕ್ಕೆಳೆದು ತಾಡಪಾಲು ಹೊದಿಸಿ ಮರೆತುಬಿಡಬಹುದು.

ಆಕೆಯ ಗಂಡ ಅಶೋಕ ಗಂಗೊಳ್ಳಿ ಬಂದರಿನ ಬೋಟೊಂದರ ತಾಂಡೇಲ, ಅಂದರೆ ಕಪ್ತಾನ. ಕಡಲಿನಲ್ಲಿ ಅವನು ಕೈ ಎತ್ತಿದರೆ ಬಲೆ ಇಳಿಯುತ್ತದೆ, ಇನ್ನೊಮ್ಮೆ ಎತ್ತಿದರೆ ಬಲೆ ಏಳುತ್ತದೆ. ಮನೆಯಲ್ಲಿ ಅವನು ಕೈ ಎತ್ತಿದರೆ ಅಟ್ಟದ ಮೇಲಿಂದ ಹಪ್ಪಳದ ಡಬ್ಬಿ ಇಳಿಸಿಕೊಡುವ ಕೆಲಸ ಸಿಗುತ್ತದೆ, ಅಷ್ಟೇ. ಹೋದ ವರ್ಷದ ರಜೆಯಲ್ಲಿ ಅವನು ಅಡುಗೆಮನೆಯ ತಾಂಡೇಲನಾಗಲು ಹೊರಟು ಡಬ್ಬಿಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸಿಟ್ಟಿದ್ದ. ಆ ವಾರವಿಡೀ ಮನೆಮಂದಿ ಉಪ್ಪಿನ ಚಹಾ ಕುಡಿದರು.

ಆದ್ದರಿಂದ ಈ ಸಲ ಮಗಳು ಮೋಕ್ಷಿತಾ ಮೊದಲೇ ಉಪಾಯ ಹೂಡಿದಳು. ಕೋಟೇಶ್ವರದ ಸೊಸೈಟಿಯಲ್ಲಿ ಕೆಲಸಕ್ಕಿರುವ ಹುಡುಗಿ, ತಲೆ ಚುರುಕು. ಟೀವಿಗೆ ನೆಟ್ ಹಾಕಿಸಿ, ಹೊಸ ಸಿನಿಮಾಗಳನ್ನು ಎರಡೆರಡು ದಿನದ ಮಟ್ಟಿಗೆ ಬಾಡಿಗೆಗೆ ತೆಗೆದುಕೊಳ್ಳುವುದು ಹೇಗೆಂದು ಅಪ್ಪನಿಗೆ ಹೇಳಿಕೊಟ್ಟಳು. ಬಲೆ ಮಡಚಿಟ್ಟವನ ಕೈಗೆ ನೆಟ್ ಬಂತು. ಹತ್ತು ತಿಂಗಳು ತೆರೆಯ ಮೇಲೆ ತೇಲಿದವನು ಇನ್ನೆರಡು ತಿಂಗಳು ತೆರೆಯ ಮುಂದೆ ಸದ್ದಿಲ್ಲದೆ ಕೂರುತ್ತಾನೆ ಎಂದು ತಾಯಿ ಮಗಳು ನಂಬಿದರು.

ಕೂತ. ಆದರೆ ಸದ್ದಿಲ್ಲದೆ ಅಲ್ಲ. ವಾರದೊಳಗೆ ಅವನು ವಿಮರ್ಶಕನಾಗಿದ್ದ.

ನೆಂಟರಿಷ್ಟರದ್ದೊಂದು ವಾಟ್ಸಾಪ್ ಗುಂಪಿತ್ತು, ‘ಬೀಜಾಡಿ ಬಳಗ’ ಎಂದು. ದಿನಾ ಬೆಳಿಗ್ಗೆ ಅಶೋಕ ಫೋನನ್ನು ಬೋಟಿನ ವೈರ್‌ಲೆಸ್ಸಿನಂತೆ ಬಾಯಿಗೆ ಹಿಡಿದು, ನಡುಗಡಲಿನಿಂದ ದಡಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಅಪ್ಪಣೆ ಕೊಡುತ್ತಿದ್ದ:

“ಹ್ವಾಯ್, ಎಲ್ಲರೂ ಕೇಣಿ! ಆ ಗಡ್ಡದವಂದ್ ಹೊಸ್ತ್ ಬಂದಿತ್ತಲೆ, ಅದ್ ಅಂಜಲ್. ಕಣ್ಣ್ ಮುಚ್ಚಿ ಬಾಡ್ಗಿಗೆ ತಕಣಿ. ಮತ್ತೆ ಅಜ್ಜಿ ಸೈಕಲ್ ಕಲಿಯುದ್ ಒಂದಿತ್ತ್. ಅದ್ರ ಸುದ್ದಿಗೇ ಹೋಪುದ್ ಬ್ಯಾಡ. ಸೀದಾ ಫಿಶ್‌ಮಿಲ್!”

ಇತರ ವಿಮರ್ಶಕರು ನಕ್ಷತ್ರ ಕೊಡುತ್ತಾರೆ. ಅಶೋಕ ಮೀನು ಕೊಡುತ್ತಿದ್ದ. ದುಬಾರಿ ಮೀನಾದ ಅಂಜಲ್ ಎಂದರೆ ತಕ್ಷಣ ಬಾಡಿಗೆಗೆ ಪಡೆಯತಕ್ಕದ್ದು. ಬಂಗುಡೆ ಎಂದರೆ ಅಡ್ಡಿಯಿಲ್ಲ, ನೆಂಟರು ಬಂದಾಗ ಹಾಕಬಹುದು. ಒಣಮೀನು ಎಂದರೆ ಬೇರೇನೂ ಗತಿಯಿಲ್ಲದ ದಿನಕ್ಕೆ. ಯಾರೂ ತಿನ್ನದ ಮೀನನ್ನು ಅರೆದು ಪುಡಿಮಾಡುವ ಕಾರ್ಖಾನೆಯೇ ಫಿಶ್‌ಮಿಲ್. ಆ ದರ್ಜೆಯ ಸಿನಿಮಾಕ್ಕೆ ಮೋಕ್ಷವೇ ಇಲ್ಲ. ಸಿನಿಮಾದ ಹೆಸರು ಮಾತ್ರ ಅವನಿಗೆ ನೆನಪಿರುತ್ತಿರಲಿಲ್ಲ. (ಈಗಿನ ಹೀರೋಗಳಲ್ಲಿ ‘ಗಡ್ಡದವ’ ಎಂದರೆ ಯಾರೆಂದು ತಿಳಿಯುವುದು, ಬಂಗುಡೆ ರಾಶಿಯಲ್ಲಿ ‘ಆ ಬಂಗುಡೆ’ ಎಂದಂತೆ.) ಹೆಸರುಗಳನ್ನು ಕೆಳಗೆ ಟೈಪ್ ಮಾಡುವುದು ಮೋಕ್ಷಿತಾಳ ಪಾಲಿಗೆ ಬಂದ ಸೇವೆ. ಬಳಗದವರು ಕೂಡಲೇ ಹೆಬ್ಬೆರಳು, ಹೂಗುಚ್ಛ, ಮುಗಿದ ಕೈಗಳ ಚಿತ್ರಗಳನ್ನು ಸುರಿಯುತ್ತಿದ್ದರು. ಅಶೋಕ ಅವನ್ನು ಚಹಾದ ಜೊತೆ ಚಪ್ಪರಿಸುತ್ತಿದ್ದ.

ಹರಿಣಾಕ್ಷಿಗೆ ಗೊತ್ತಿದ್ದ ಗುಟ್ಟೇನೆಂದರೆ, ಈ ಮಹಾವಿಮರ್ಶಕ ಯಾವ ಸಿನಿಮಾವನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಗೊರಕೆ.

“ಅರ್ಧವೂ ಕಾಣ್ದೆ ತೀರ್ಪ್ ಕೊಡುದಾ ನೀವ್?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ನೀನ್ ಅಂಜಲ್ ತಕಂಬತಿಗೆ ಎಂತ ಕಾಂತೆ?”

“ಕಿವಿ ಎತ್ತಿ ಕಾಂತೆ, ಒಳ್ಗೆ ಕೆಂಪಿತ್ತಾ ಅಂದೇಳಿ.” ಕಿವಿರು ಕೆಂಪಿದ್ದರೆ ಮೀನು ತಾಜಾ.

“ಇಡೀ ಮೀನ್ ತಿಂದ್ ಕಂಡ್, ಆಮೇಲೆ ತಕಂತ್ಯಾ?”

“ಮೀನಿಗೆ ಕಥೆ ಇರುದಿಲ್ಲ ಮಾರಾಯ್ರೆ, ನಡುವಂಗೆ ತಿರ್ಗುಕೆ!”

“ತಲೆ ಲಾಯ್ಕಿದ್ರೆ ಬಾಲವೂ ಲಾಯ್ಕೇ ಹೆಣೆ. ಮೂವತ್ತ್ ವರ್ಷದಿಂದ ಮೀನ್ ಕಾಂತಾ ಇದ್ದೆ.”

ಮೀನಮೇಷ ಎಣಿಸುವ ಜಾಯಮಾನ ಅಶೋಕನದಲ್ಲ; ಮೀನು ಮಾತ್ರ ಎಣಿಸುತ್ತಿದ್ದ. ಹರಿಣಾಕ್ಷಿಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು.

ಮೋಕ್ಷಿತಾಳಿಗೆ ತೆಕ್ಕಟ್ಟೆಯಿಂದ ಸಂಬಂಧ ಬಂದಿತ್ತು. ಹುಡುಗ ವಿಶಾಲ್, ಮೀನಿಗೆ ಹಾಕುವ ಐಸ್ ತಯಾರಿಸುವ ಪ್ಲಾಂಟ್ ನಡೆಸುವವನು. ಇಬ್ಬರೂ ಒಂದೆರಡು ಸಲ ಭೇಟಿಯಾಗಿ ಮಾತಾಡಿದ್ದರು. ಹೇಗಿದ್ದಾನೆಂದು ಕೇಳಿದ್ದಕ್ಕೆ ಮೋಕ್ಷಿತಾ ನೆಲ ನೋಡಿಕೊಂಡು “ಅಡ್ಡಿಲ್ಲ” ಎಂದಿದ್ದಳು. ಈ ಕಡೆಯ ಹುಡುಗಿ ಹುಡುಗನೊಬ್ಬನಿಗೆ ಕೊಡಬಹುದಾದ ಅತ್ಯುನ್ನತ ಪ್ರಶಸ್ತಿ ಅದು. ಅಶೋಕನೂ ಹುಡುಗನನ್ನು ಹತ್ತು ನಿಮಿಷ ನೋಡಿ ಮೆಚ್ಚಿಬಿಟ್ಟಿದ್ದ. ಹುಡುಗನ ಅಪ್ಪ ದುಗ್ಗಪ್ಪ ಹೆಂಡತಿ ಹೇಳಿದ್ದಕ್ಕೆಲ್ಲ ಒಪ್ಪುವ ಸಜ್ಜನ. ಬಾಕಿ ಉಳಿದದ್ದು ಆ ಹೆಂಡತಿಯ ಮಾತು. ಹುಡುಗನ ತಾಯಿ ಪುಷ್ಪ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ದೂರದ ನೆಂಟಸ್ತಿಕೆಯಿಂದ ಅವಳೂ ‘ಬೀಜಾಡಿ ಬಳಗ’ದ ಸದಸ್ಯೆ. ಭಾನುವಾರ ಗಂಡ ಮಗನೊಂದಿಗೆ ಊಟಕ್ಕೆ ಬರುತ್ತೇನೆ, ಬಂದು ಹೇಳುತ್ತೇನೆ ಎಂದಿದ್ದಳು.

“ಒಂದೇ ಒಂದ್ ಉಪ್ಕಾರ ಮಾಡಿ,” ಹರಿಣಾಕ್ಷಿ ಭಾನುವಾರ ಬೆಳಿಗ್ಗೆ ಗಂಡನೆದುರು ಕೈ ಮುಗಿದಳು. “ಅವ್ರ್ ಹೋಪಲ್ಲಿವರಿಗೆ ಸಿನಿಮಾ ಸುದ್ದಿ ತೆಗಿಬ್ಯಾಡಿ.”

“ನಾನೆಂತಕ್ಕೆ ತೆಗಿತೆ? ಕೇಂಡ್ರೆ ಮಾತ್ರ ಹೇಳುದಪ್ಪ.”

ಕೋಳಿ ಸಾರು, ರೊಟ್ಟಿ ಎಲ್ಲ ಸಾಂಗವಾಗಿ ಮುಗಿಯಿತು. ಹೊರಗೆ ಮಳೆ ಹಿಡಿದಿತ್ತು. ಎಲ್ಲರೂ ಗಸಗಸೆ ಪಾಯಸದ ಬಟ್ಟಲು ಹಿಡಿದು ಚಾವಡಿಯಲ್ಲಿ ಕೂತರು. ಆಗ ಪುಷ್ಪಳೇ, “ಅಶೋಕಣ್ಣ, ನಿಮ್ ಕೈಯಂಗೆ ಒಂದ್ ಸಿನಿಮಾ ಹಾಕಿ, ಕಾಂಬ,” ಎಂದಳು.

ಅಶೋಕ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಜಗತ್ತೇ ತನ್ನ ಪ್ರತಿಭೆಯನ್ನು ಬೇಡುತ್ತಿದೆ ಎಂಬ ವಿನಯವಿತ್ತು. ಹಿಂದಿನ ದಿನವಷ್ಟೇ ಬಾಡಿಗೆಗೆ ಪಡೆದು ಅಂಜಲ್ ದರ್ಜೆ ಕೊಟ್ಟಿದ್ದ ಸಿನಿಮಾ ಸಿದ್ಧವಾಗಿತ್ತು. “ಶುದ್ಧ ಸಂಸಾರದ್ ಕಥೆ. ಬೀಗರ್ ಬೀಗರ್ ಕೂಕಂಡ್ ಕಾಂಬಂಥದ್ದ್,” ಎಂದು ಶುರು ಮಾಡಿದ.

ತೊಟ್ಟಿಲು, ಜೋಗುಳ, ದೇವರ ದೀಪ, ಬಿಳಿ ಸೀರೆಯ ಅಜ್ಜಿ. ಹತ್ತು ನಿಮಿಷದವರೆಗೆ ಅಶೋಕ ಮೀಸೆ ತಿರುವುತ್ತಾ ಚುಕ್ಕಾಣಿ ಹಿಡಿದಿದ್ದ. ಹನ್ನೊಂದನೆಯ ನಿಮಿಷದಿಂದ ಅವನೂ ಕಂಡರಿಯದ ಕಡಲು.

ತೆರೆಯ ಮೇಲೆ, ಹುಡುಗಿಯ ಮನೆಯವರು ಹುಡುಗನ ತಾಯಿಯನ್ನು ಊಟಕ್ಕೆ ಕರೆದರು. ಹುಡುಗಿಯ ಅಪ್ಪನಿಗೆ ಥೇಟ್ ಅಶೋಕನದೇ ಮೀಸೆ. ಆತ ಅಡುಗೆಮನೆಗೆ ಹೋಗಿ, ಆಚೀಚೆ ನೋಡಿ, ಜೇಬಿನಿಂದ ಪೊಟ್ಟಣ ತೆಗೆದು, ಅದರ ಪುಡಿಯನ್ನು ಪಾಯಸಕ್ಕೆ ಸುರಿದು ಕಲಕಿದ.

ಚಾವಡಿಯಲ್ಲಿ ಪುಷ್ಪಳ ಚಮಚ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು.

ತೆರೆಯ ಮೇಲಿನ ಬೀಗಿತಿ ನಗುನಗುತ್ತಾ ಚಮಚ ಎತ್ತಿದಳು. ಸರಿಯಾಗಿ ಅದೇ ಗಳಿಗೆಗೆ ಹೊರಗೆ ಗುಡುಗಿತು, ನೆಟ್ ಕೈಕೊಟ್ಟಿತು, ಚಿತ್ರ ಅಲ್ಲೇ ನಿಂತಿತು. ಎತ್ತಿದ ಚಮಚ, ಹಿಂದೆ ಹಲ್ಲು ಕಿಸಿದ ಮೀಸೆಯ ಅಪ್ಪ, ಇಬ್ಬರ ನಡುವೆ ಗಿರಗಿರನೆ ತಿರುಗುವ ಬಿಳಿ ವೃತ್ತ.

“ರಿಮೋಟ್ ಎಲ್ಲಿತ್ತ್ ಹೆಣೆ?”

“ನಿಮ್ ಕೈಯಂಗೇ ಇತ್ತಲೆ!”

ಒತ್ತಿದ. ತಿರುಗಿಸಿ ಒತ್ತಿದ. ವೃತ್ತ ತಿರುಗುತ್ತಲೇ ಇತ್ತು. ಪಾಯಸ ಮುಗಿಸಿಯಾಗಿದ್ದ ದುಗ್ಗಪ್ಪ ಬಟ್ಟಲಿನ ತಳವನ್ನು ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದ.

“ಪಾಯ್ಸದಂಗೆ ಎಂತದೂ ಇಲ್ಲ!” ಅಶೋಕ ಗಾಬರಿಯಲ್ಲಿ ಕೂಗಿದ. “ದೇವ್ರಾಣೆ ಹೇಳ್ತೆ, ಬರೀ ಗಸಗಸೆ!”

ಹರಿಣಾಕ್ಷಿ ಕಣ್ಣು ಮುಚ್ಚಿದಳು. ಮಗಳ ಮದುವೆ ವೃತ್ತಾಕಾರವಾಗಿ ತಿರುಗಿ ಮುಳುಗುವುದು ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಪುಷ್ಪ ಸೆರಗನ್ನು ಬಾಯಿಗೊತ್ತಿಕೊಂಡಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡ ಅಶೋಕ ನೀರಿಗೆ ಎದ್ದ. ಅಳುವಲ್ಲ, ನಗು; ಒಮ್ಮೆ ಹೊರಬಿದ್ದದ್ದು ನಿಲ್ಲಲೇ ಇಲ್ಲ.

“ಇದ್ ನೀವ್ ಅಂಜಲ್ ಅಂದದ್ದಲ್ದಾ ಅಶೋಕಣ್ಣ? ಅದ್ಕೇ ನಾವ್ ಕಾಣ್ಲಿಲ್ಲ.”

“ಅಂಜಲ್ ಅಂದದ್ದಕ್ಕೆ ಕಾಣ್ಲಿಲ್ಯಾ?”

“ಹೂಂ ಮತ್ತೆ! ನೀವ್ ಅಂಜಲ್ ಅಂದದ್ದನ್ನ ನಾವ್ ಬದಿಗೆ ಹಾಕುದ್. ಫಿಶ್‌ಮಿಲ್ ಅಂದದ್ದನ್ನ ಅವತ್ತೇ ಬಾಡ್ಗಿಗೆ ತಕಂಬುದ್. ಇಲ್ಲಿವರಿಗೆ ಒಂದೂ ತಪ್ಪಲಿಲ್ಲ ಕಾಣಿ. ಆ ಸೈಕಲ್ ಅಜ್ಜಿದ್ ಕಂಡ್ ಇವ್ರ್ ಸಹಾ ಅತ್ತಿರ್.”

“ನೆಗಡಿ,” ಎಂದ ದುಗ್ಗಪ್ಪ.

“ಬಳಗದರಿಗೆಲ್ಲ ಗೊತ್ತಿತ್ತಾ ಇದ್?”

“ನಮ್ ಐಸ್ ಪ್ಲಾಂಟಿನರೂ ಹಂಗೇ ಮಾಡುದ್ ಮಾವ,” ಎಂದ ವಿಶಾಲ್. ಆ ‘ಮಾವ’ ತನಗೇ ಗೊತ್ತಿಲ್ಲದೆ ಜಾರಿತ್ತು. ಮೋಕ್ಷಿತಾಳ ಕಿವಿ ಅಂಜಲಿನದಕ್ಕಿಂತ ಕೆಂಪಾಯಿತು.

“ಹಂಗಾರೆ ದಿನಾ ಕೈ ಮುಗ್ದ್ ಚಿತ್ರ ಹಾಕುದ್ ಎಂತಕ್ಕೆ?”

“ಅಷ್ಟ್ ಸಮಾ ದಾರಿ ತೋರ್ಸ್ವರಿಗೆ ಕೈ ಮುಗಿಯುದಲ್ದೆ ಮತ್ತೆಂತ ಮಾಡುದ್?” ಎಂದಳು ಪುಷ್ಪ.

ಅಶೋಕ ಹೆಂಡತಿಯತ್ತ ತಿರುಗಿದ. ಆಕೆ ಗೋಡೆಯ ಮೇಲಿನ ಹಲ್ಲಿಯನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದಳು.

“ನೀನೂವಾ?”

“ನೀವ್ ಮನ್ಕಂಡ್ ಮೇಲೆ ಕಾಂಬುದಪ್ಪ ನಾನ್,” ಎಂದಳು ಮೆಲ್ಲಗೆ. ಗಂಡನ ಮುಖ ಇಳಿದದ್ದು ನೋಡಿ ಕರುಳು ಚುರುಕ್ ಎಂದಿರಬೇಕು. “ದೆವ್ವದ್ ಸಿನಿಮಾ ಎಲ್ಲ ಒಬ್ಳೇ ಕಾಂಬುಕೆ ಹೆದ್ರಿಕೆ. ನೀವ್ ಬದಿಯಂಗೆ ಗೊರಕೆ ಹೊಡಿತಾ ಇದ್ರೆ ಒಂದ್ ಧೈರ್ಯ.”

ಪುಷ್ಪ ಕಣ್ಣೊರೆಸಿಕೊಂಡು ಬಟ್ಟಲು ಕೆಳಗಿಟ್ಟಳು. ಪಾಯಸ ಪೂರ್ತಿ ಖಾಲಿಯಾಗಿತ್ತು. “ಸರಿ, ಬಂದ್ ಕೆಲ್ಸಕ್ಕೆ ಬಪ್ಪ. ನಾನ್ ಇಷ್ಟ್ ದಿನ ಬಾಯಿ ಬಿಡ್ಲಿಲ್ಲ, ನಿಮ್ ಮಾತ್ ಕೇಣ್ಕ್ ಅಂದೇಳಿ. ನಮ್ ಮಾಣಿ ವಿಷ್ಯದಂಗೆ ನಿಮ್ ಅಭಿಪ್ರಾಯ ಎಂತ ಅಶೋಕಣ್ಣ?”

ಅಶೋಕನ ನಾಲಿಗೆಯ ತುದಿಗೆ ‘ಚಿನ್ನದಂಥ ಹುಡುಗ’ ಎಂಬುದು ಬಂದು ನಿಂತಿತ್ತು. ಅಷ್ಟರಲ್ಲಿ ಮಗಳ ಮುಖ ಕಂಡಿತು. ಬಾಗಿಲಿಗೊರಗಿ, ಉಸಿರು ಹಿಡಿದು, ‘ಅಪ್ಪಯ್ಯ, ದಮ್ಮಯ್ಯ’ ಎನ್ನುವಂತೆ ನೋಡುತ್ತಿದ್ದಳು. ತೂಫಾನಿನಲ್ಲಿ ಬೋಟು ತಿರುಗಿಸಿದವನಿಗೆ ಮಾತು ತಿರುಗಿಸಲು ಇಷ್ಟು ಕಷ್ಟವಾಗಬಾರದು. ಅಶೋಕ ಚಿನ್ನವನ್ನು ನುಂಗಿಕೊಂಡ.

“ಎಂತ ಹೇಳುದ್ ಪುಷ್ಪಕ್ಕ…” ಅವನು ಮಗಳ ಕಡೆ ನೋಡಿಕೊಂಡೇ ಹೇಳಿದ. “ನಂಗೆ ಮಾಣಿ ಒಂಚೂರೂ ಹಿಡಿಸ್ಲಿಲ್ಲ. ನೀವಂತೂ ಬ್ಯಾಡವೇ ಬ್ಯಾಡ. ಈ ಸಂಬಂಧ ಆಪುದೇ ಅಲ್ಲ.”

ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ತಿರಸ್ಕರಿಸಿರಲಾರರು.

“ಹಂಗಾರೆ ಗಟ್ಟಿ ಆಯ್ತ್!” ಪುಷ್ಪ ಕೈ ತಟ್ಟಿದಳು. “ನಂಗೆ ಇಷ್ಟೇ ಬೇಕಾದ್ದ್. ಹರಿಣಾಕ್ಷಿ, ವೀಳ್ಯ ತಕಬಾ.”

ಹರಿಣಾಕ್ಷಿ ಒಳಗೆ ಓಡಿದಳು. ಮೋಕ್ಷಿತಾ ನಗುತ್ತಿದ್ದಳೋ ಅಳುತ್ತಿದ್ದಳೋ, ಅಪ್ಪನ ತೋಳು ಹಿಡಿದು ನಿಂತಳು. ಅಶೋಕನಿಗೆ ಎದೆ ತುಂಬಿ ಬಂತು. ಎದೆ ತುಂಬಿದ ತಾಂಡೇಲ ಅಪ್ಪಣೆ ಕೊಡದೆ ಇರಲಾರ.

“ಮದಿ ನವೆಂಬರಂಗೆ ಇಟ್ಕಂಬ,” ಎಂದು ಮದುವೆಯ ತಿಂಗಳನ್ನೂ ಗಂಭೀರವಾಗಿ ಸಾರಿದ. “ನಾನ್ ಎಲ್ಲ ಲೆಕ್ಕ ಹಾಕಿ ಹೇಳುದ್. ನವೆಂಬರಿನಷ್ಟ್ ಲಾಯ್ಕ್ ತಿಂಗ್ಳ್ ಮತ್ತೊಂದಿಲ್ಲ.”

ಪುಷ್ಪ ಗಂಡನ ಕಡೆ ನೋಡಿದಳು. ದುಗ್ಗಪ್ಪ ಕನ್ನಡಕ ಏರಿಸಿಕೊಂಡು ಎದ್ದು, ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ನವೆಂಬರಿನ ಹಾಳೆಯನ್ನು ನೋಡದೆಯೇ ಮಗುಚಿ ಡಿಸೆಂಬರಿನಲ್ಲಿ ಒಳ್ಳೆಯ ದಿನ ಹುಡುಕತೊಡಗಿದ.