ಒಂದೇ ಬೆಂಚು, ಎರಡು ಶಾಲೆ

ಶಾಲೆಯಲ್ಲಿ ನಗಬಾರದು ಎಂದುಕೊಂಡೇ ಮಾಸ್ತರಿಕೆಗೆ ಸೇರಿದೆ. ಮಕ್ಕಳು ಬಿಡಲಿಲ್ಲ.

ಮುಂಬಯಿ ಬದಿಯ ಕಲ್ಯಾಣದ ಹತ್ತಿರ, ಶಹಾಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಶಾಲೆ. ಕಟ್ಟಡ ಒಂದು, ಶಾಲೆ ಎರಡು. ಬೆಳಗ್ಗೆ ಕನ್ನಡ, ಮಧ್ಯಾಹ್ನ ಮರಾಠಿ. ಮೂರನೆಯ ಮತ್ತು ನಾಲ್ಕನೆಯ ತರಗತಿ ಎರಡೂ ಒಂದೇ ಕೋಣೆಯಲ್ಲಿ, ನನ್ನ ಪಾಲಿಗೆ. ಎಲ್ಲರೂ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಿದ್ದ ಕಾಲ. ಪ್ರತಿ ಜೂನ್‌ನಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದರು.

ಆ ವರ್ಷ ನಮ್ಮ ಹೆಡ್ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಕರೆದರು. ಹುಬ್ಬಳ್ಳಿ ಕಡೆಯವರು.

"ಸರ, ಶಿಕ್ಷಣ ಖಾತೆ ಸಾಹೇಬ್ರು ತಪಾಸಣಿಗೆ ಬರ್ತಾರಂತ. ಹುಡುಗ್ರಿಗೆ ಏನೂ ಬರೂದಿಲ್ಲ ಅಂತ ಅನಿಸ್ತಂದ್ರ ನಿಮ್ಮ ವರ್ಗ ಬಂದ್ ಮಾಡಿ ಮಧ್ಯಾಹ್ನದ ಮರಾಠಿ ಸಾಲಿಗೆ ಸೇರಿಸ್ತಾರ."

"ಹೂಂ" ಅಂದೆ.

"ಹೂಂ ಅಂದ್ರ ಆತೇನ್ರಿ?"

"ಇಲ್ಲ" ಅಂದೆ.

ಅರ್ಧ ಗಂಟೆ

ಲೆಕ್ಕ ಗಟ್ಟಿ ಮಾಡಿಸಲು ಹೊರಟೆ. ಕಲ್ಯಾಣದಿಂದ ಹೊರಟ ರೈಲು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋದರೆ, ಇಪ್ಪತ್ತು ಕಿಲೋಮೀಟರ್ ದೂರದ ಠಾಣೆ ಮುಟ್ಟಲು ಎಷ್ಟು ಹೊತ್ತು?

ಮುಂದಿನ ಬೆಂಚಿನವನು ಎದ್ದ. "ಫಾಸ್ಟಾ, ಸ್ಲೋನಾ ಸರ್?"

"ಯಾವುದೋ ಒಂದು."

"ಹಂಗಂದ್ರ ಹೆಂಗ್ರಿ ಸರ" ಎಂದ ಅವನ ಪಕ್ಕದವನು. "ಸ್ಲೋ ಆದ್ರ ಠಾಕುರ್ಲಿಗೂ ನಿಂದರ್ತದ."

"ಫಾಸ್ಟ್."

"ಫಾಸ್ಟೂ ಡೊಂಬಿವಲೀಲಿ ನಿಲ್ತದೆ. ಭಾನುವಾರ ಆದ್ರೆ ಮೆಗಾಬ್ಲಾಕ್, ಹಳಿ ರಿಪೇರಿ" ಎಂದ ಮೊದಲನೆಯವನು.

"ಭಾನುವಾರ ಅಲ್ಲ. ಲೆಕ್ಕ ಮಾಡ್ರೋ."

ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಮಂಗಳೂರು ಕಡೆಯವರ ಮಗಳು. ಅವಳು ಕೈ ಎತ್ತಿದಳು.

"ಮಳೆ ಉಂಟಾ ಸರ್?"

ಪುಸ್ತಕದ ಹಿಂದೆ ಉತ್ತರ ಅರ್ಧ ಗಂಟೆ ಎಂದಿತ್ತು. ತರಗತಿಯಲ್ಲಿ ಒಬ್ಬರೂ ನಂಬಲಿಲ್ಲ. ಆ ಲೈನಿನಲ್ಲೇ ದಿನಾ ಬರುತ್ತಿದ್ದ ನಾನೂ ನಂಬಲಿಲ್ಲ.

ದೂರು

ಆ ಮುಂದಿನ ಬೆಂಚಿನವನು ರೈಲಿನಲ್ಲಿ ಜಾಣ, ಓದಿನಲ್ಲಿ ಸೊನ್ನೆ. ಸಾಹೇಬರು ಬರುವ ಮೊದಲು ಅವನ ತಂದೆಗೆ ಹೇಳಿಬಿಡೋಣ ಎಂದು ಉಲ್ಹಾಸನಗರಕ್ಕೆ ಹೋದೆ. ತಂದೆಯದು ಅಲ್ಲಿ ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಅವರು ಎದ್ದು ನಿಂತರು.

"ಬನ್ನಿ ಮಾಷ್ಟ್ರೆ. ಮೊದಲು ತಿಂಡಿ. ದೂರು ಆಮೇಲೆ."

ಗೋಳಿಬಜೆ ಬಂತು. ಮುಗಿಸಿ ಬಾಯಿ ತೆರೆದೆ, ನೀರುದೋಸೆ ಬಂತು. ಅದು ಮುಗಿಯಿತು, ಶಿರಾ ಬಂತು. ತರುತ್ತಿದ್ದವನು ಆ ಮಗನೇ. ನನ್ನ ಬಾಯಿ ಖಾಲಿಯಾಗದಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿಕೊಳ್ಳುತ್ತಿದ್ದ.

"ಈಗ ಹೇಳಿ. ನಮ್ಮ ಹುಡುಗ ಹೇಗೆ?"

"ಪರವಾಗಿಲ್ಲ" ಅಂದೆ.

ಮರುದಿನ ತಿಂಡಿಯ ಬಿಡುವಿನಲ್ಲಿ ನನ್ನ ಮೇಜಿನ ಮೇಲೆ ಸಾಲಾಗಿ ಟಿಫಿನ್ ಡಬ್ಬಿಗಳು, ಮುಚ್ಚಳ ತೆಗೆದು ಇಟ್ಟದ್ದು. ಎಲ್ಲವೂ ಹೋಂವರ್ಕ್ ಮಾಡದವರ ಡಬ್ಬಿ.

ಸಂಬಳ

ಒಂದು ಬೆಳಗ್ಗೆ ಕೊನೆಯ ಬೆಂಚಿನ ಹುಡುಗಿಯ ತಾಯಿ ಬಂದರು. ಶಹಾಡಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಅವರಿಗೆ.

"ಸರ್, ನಾನು ಬರುವಾಗ ಸಂಜೆ ಆಗ್ತದೆ. ಮನೆಗೆ ಬೀಗ. ಅಲ್ಲಿಯವರೆಗೆ ಮಗಳು ಇಲ್ಲೇ ಕೂತಿರಲಿ. ಮಧ್ಯಾಹ್ನದ ಟೀಚರ್ ಅಡ್ಡಿಯಿಲ್ಲ ಅಂದಿದ್ದಾರೆ."

"ಇರಲಿ."

ಅವರು ಹೋಗಲಿಲ್ಲ. "ಇನ್ನೊಂದು. ಸರ್ ಇವತ್ತು ಏನು ಹೇಳಿದ್ರು ಅಂತ ದಿನಾ ಕೇಳ್ತೇನೆ. ಏನೂ ಹೇಳ್ಲಿಲ್ಲ ಅಂತಾಳೆ. ನಿಮಗೆ ಹುಷಾರಿಲ್ವಾ?"

"ಹುಷಾರಾಗಿದ್ದೇನೆ. ಬೋರ್ಡಿನ ಮೇಲೆ ಬರೀತೇನೆ."

ಅವರು ಸ್ವಲ್ಪ ಯೋಚಿಸಿದರು. "ನಮ್ಮನೆಯವರೂ ಹೀಗೇ ಸರ್, ಬಾಯಿ ಬಿಡುದಿಲ್ಲ. ಆದ್ರೆ ಅವರಿಗೆ ಅದಕ್ಕೆ ಯಾರೂ ಸಂಬಳ ಕೊಡುದಿಲ್ಲ."

ಸಾಹೇಬರು

ತಪಾಸಣೆಯ ಹಿಂದಿನ ದಿನ ತರಗತಿಗೆ ಹೇಳಿದೆ. "ನಾಳೆ ಸಾಹೇಬರು ಬರುತ್ತಾರೆ. ಸುಳ್ಳು ಹೇಳಬೇಡಿ."

ಬಾಗಿಲಲ್ಲಿದ್ದ ಹೆಡ್ ಬಾಯಿಯವರು ಕೇಳಿದರು. "ಇಷ್ಟ ಏನ್ರಿ ತಯಾರಿ?"

ಸಾಹೇಬರು ನಮ್ಮ ಪಾಳಿ ಮುಗಿಯುವ ಹೊತ್ತಿಗೆ ಬಂದರು. ಅವರಿಗೆ ಕನ್ನಡ ಬಾರದು. ಕೊನೆಯ ಬೆಂಚಿನ ಹುಡುಗಿಯನ್ನು ಎಬ್ಬಿಸಿ ಪಾಠ ಓದಿಸಿದರು. ಓದಿದಳು. ಅರ್ಥವನ್ನು ಮರಾಠಿಯಲ್ಲಿ ಹೇಳು ಎಂದರು. ಹೇಳಿದಳು, ಎಲ್ಲೂ ತಡವರಿಸದೆ. ನಾನು ಕಲಿಸಿದ ಮರಾಠಿ ಅಷ್ಟು ಚೆನ್ನಾಗಿರಲಿಲ್ಲ. ಸಾಹೇಬರು ತಲೆದೂಗಿದರು. ನಾನು ಉಸಿರು ಬಿಟ್ಟೆ. ತುಸು ಬೇಗನೇ ಬಿಟ್ಟೆ.

ಗಂಟೆ ಹೊಡೆಯಿತು. ನಮ್ಮ ಮಕ್ಕಳು ಹೋದರು, ಮರಾಠಿ ಮಕ್ಕಳು ಬಂದರು. ಸಾಹೇಬರು ಚಹಾ ಕುಡಿದು ಅದೇ ಕೋಣೆಗೆ ಮತ್ತೆ ಹೊಕ್ಕರು. ನಾವು ಹಿಂದೆ. ಹನ್ನೆರಡರ ಮಗ್ಗಿ ಯಾರು ಹೇಳುತ್ತೀರಿ ಎಂದು ಕೇಳಿದರು. ಯಾರೂ ಏಳಲಿಲ್ಲ. ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಡುಗಿ ಬದಲಾಗಲಿಲ್ಲ.

"ಓಹೋ" ಎಂದರು ಮರಾಠಿಯಲ್ಲಿ. "ಒಂದೇ ಮಗುವನ್ನು ಎರಡೂ ಶಾಲೆಯವರು ತೋರಿಸುತ್ತೀರಾ?"

ಹೆಡ್ ಬಾಯಿಯವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ವಿವರಿಸಬೇಕಿತ್ತು. ಮಾತಾಡಿ ಅಭ್ಯಾಸ ಇರಲಿಲ್ಲ.

ಸಾಹೇಬರು ಹುಡುಗಿಯನ್ನೇ ಕೇಳಿದರು. "ನಿನ್ನ ಶಾಲೆ ಯಾವುದು?"

"ಬೆಳಗ್ಗೆಯದು."

"ಹಾಗಾದರೆ ಈಗ?"

"ಈಗ ರಜೆ."

"ರಜೆಯಲ್ಲಿ ಯಾರಾದರೂ ಶಾಲೆಗೆ ಬರುತ್ತಾರಾ?"

"ಮನೆಗೆ ಬೀಗ. ಅಮ್ಮ ಕೆಲಸದಲ್ಲಿ. ಬೆಳಗ್ಗೆ ಸರ್ ಹಾಜರಿಯಲ್ಲಿ ನನ್ನ ಹೆಸರು ಕೂಗ್ತಾರೆ. ಇಲ್ಲಿ ಯಾರೂ ಕೂಗುದಿಲ್ಲ. ಸುಮ್ಮನೆ ಕೇಳ್ತೇನೆ."

ಮರಾಠಿ ಟೀಚರ್ ಹೌದೆಂದು ತಲೆಯಾಡಿಸಿದರು. ಸಾಹೇಬರ ಮುಖ ಸಡಿಲವಾಯಿತು.

"ಬೆಳಗ್ಗೆ ನಿಮ್ಮ ಸರ್ ಹೇಗೆ ಕಲಿಸುತ್ತಾರೆ?"

ನನ್ನ ಕಡೆ ಒಮ್ಮೆ ನೋಡಿದಳು. "ಅವರು ಮಾತಾಡುದೇ ಇಲ್ಲ. ನಾವೇ ಕಲ್ತುಕೊಳ್ತೇವೆ."

ಸಾಹೇಬರು ನಗಲು ಶುರುಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. ಹೆಡ್ ಬಾಯಿಯವರು ನೀರು ತಂದುಕೊಟ್ಟರು.

ಹೋಗುವಾಗ ಹೇಳಿದರು. "ರಜೆಯಲ್ಲೂ ಕಲಿಯುವ ಮಕ್ಕಳಿರುವ ವರ್ಗ ಮುಚ್ಚುವುದಿಲ್ಲ. ನಡೆಯಲಿ."

ಹೆಡ್ ಬಾಯಿಯವರು ಕುರ್ಚಿಯಲ್ಲಿ ಕುಸಿದು ಕೂತರು. "ಉಳೀತ್ರಿ ಸರ." ಆ ದಿನ ನಾನೂ ಎರಡು ಕಪ್ ಚಹಾ ಕುಡಿದೆ.

ಮರುದಿನ ಹುಡುಗಿಯನ್ನು ಕರೆದೆ. "ಸರ್ ಮಾತಾಡೋದಿಲ್ಲ ಅಂತ ಸಾಹೇಬರ ಮುಂದೆ ಹೇಳೋದಾ?"

"ಸುಳ್ಳು ಹೇಳಬೇಡಿ ಅಂತ ನೀವೇ ಹೇಳಿದ್ದಲ್ವಾ ಸರ್" ಎಂದಳು. "ನೀವು ವರ್ಷಕ್ಕೆ ಹೇಳುದೇ ಒಂದು ಮಾತು. ಅದನ್ನೂ ಕೇಳಬಾರದಾ?"