ವೈನಿಯ ಒಳದಾರಿಗಳು

ನಮ್ಮ ವೈನಿಯಂಥ ಮೈಗಳ್ಳಿ ಇಡೀ ಮುಂಬಯಿಯಲ್ಲಿ ಇನ್ನೊಬ್ಬಳಿರಲಿಲ್ಲ! ಇದು ನನ್ನ ಸ್ವಂತ ಸಂಶೋಧನೆ. ಇದನ್ನು ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ ಅಡಿಗೆರೆ ಎಳೆದು ಬರೆದು, ಅಂಟಿಗೆ ನಾಲಿಗೆ ಸವರಿ, ಊರಿನ ಗೆಳತಿಗೆ ಪೋಸ್ಟ್ ಮಾಡಿದವಳೂ ನಾನೇ. ಆಗ ನನಗೆ ಹದಿನೇಳು ವರ್ಷ. ಹದಿನೇಳರಲ್ಲಿ ಮನುಷ್ಯರಿಗೆ ತಿಳಿಯದ್ದು ಏನಿರುತ್ತದೆ ಹೇಳಿ?

ವೈನಿ ಎಂದರೆ ಅಣ್ಣನ ಹೆಂಡತಿ; ನಮ್ಮ ಗದಗಿನ ಕಡೆ ಹಾಗೆ ಕರೆಯುತ್ತಾರೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಘಾಟ್ಕೋಪರಿನ ಒಂದು ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಅಣ್ಣ-ವೈನಿಯರದು ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರ. ವೈನಿಗೆ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ನೌಕರಿ. ನಮ್ಮ ಮನೆತನದಲ್ಲಿ ಸೊಸೆಯೊಬ್ಬಳು ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊರಬಿದ್ದದ್ದು ಅದೇ ಮೊದಲು. ಮದುವೆಯ ಮಾತುಕತೆಯಲ್ಲೇ ಅವಳು "ನೌಕರಿ ಬಿಡೂದಿಲ್ಲ" ಎಂದುಬಿಟ್ಟಿದ್ದಳು. ನಮ್ಮವ್ವ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಒಂದು ಕರಾರಿನ ಮೇಲೆ ಒಪ್ಪಿದಳು.

"ಮಾಡವಾ, ನೌಕರಿ ಮಾಡು. ಬ್ಯಾಡ ಅನ್ನೂದಿಲ್ಲ. ಆದ್ರ ಮನ್ಯಾಗಿನ ಒಂದ ಕೆಲಸ ತಪ್ಪಿದ್ರೂ ಅವತ್ತಽ ಬಿಡಬೇಕು ನೋಡು."

ಬಾಗಿಲಿಗೆ ದಿನಾ ರಂಗೋಲಿ, ಊಟಕ್ಕೆ ಬಿಸಿ ಜೋಳದ ರೊಟ್ಟಿ, ಒರೆಸಿದ ನೆಲ, ಒಟ್ಟಿನಲ್ಲಿ ಊರಿನ ಮನೆ ಹೇಗೋ ಹಾಗೆ. ವೈನಿ ತಲೆಯಾಡಿಸಿದಳು. ಆಮೇಲೆ ನಾನು ಕಾಲೇಜಿಗೆಂದು ಅವರ ಮನೆಗೆ ಹೊರಟಾಗ ಅವ್ವ ಸ್ಟೇಷನ್ನಿನಲ್ಲಿ ನನ್ನ ಕಿವಿಗೆ ಬಾಯಿ ಇಟ್ಟಳು. "ವಾರಕ್ಕೊಂದು ಪತ್ರ ಬರೀ. ನಿನ್ನ ಕ್ಷೇಮ ಎರಡ ಸಾಲು ಸಾಕು. ಉಳಿದದ್ದೆಲ್ಲಾ ಆಕೀದು." ಹೀಗೆ ನಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಪತ್ತೇದಾರಿಯ ಅಧಿಕಾರದೊಂದಿಗೆ ಮುಂಬಯಿಗೆ ಬಂದಿಳಿದೆ.

ಬಂದ ಮೊದಲ ಬೆಳಿಗ್ಗೆಯೇ ನನಗೆ ನಿರಾಸೆ. ಬಾಗಿಲ ಮುಂದೆ ಎಂಟೆಸಳಿನ ಕಮಲದ ರಂಗೋಲಿ, ಕಣ್ಣಿಗೊತ್ತಿಕೊಳ್ಳುವ ಹಾಗೆ! ಮರುದಿನವೂ ಅದೇ ಕಮಲ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಬಗ್ಗಿ ಉಗುರಿನಿಂದ ಕೆರೆದೆ. ಪುಡಿ ಏಳಲಿಲ್ಲ. ಎಣ್ಣೆ ಬಣ್ಣ!

"ವೈನೀ, ಇದು ಮೋಸ!"

"ಮೋಸ ಹೆಂಗ? ಒಂದು ರವಿವಾರ ಪೂರ್ತಿ ಕೂತು ಬರದೀನಿ, ನಡ ಹಿಡದಿತ್ತು. ಮುನ್ನೂರ ಅರವತ್ತೈದು ದಿನದ ರಂಗೋಲಿ ಒಂದ ದಿನದಾಗ ಮುಗಿಸಿದ್ರ ಅದು ಮೈಗಳ್ಳತನೇನು?"

ಆ ವಾರ ಅವ್ವನಿಗೆ ರಂಗೋಲಿ ತಪ್ಪಿಲ್ಲ ಎಂದಷ್ಟೇ ಬರೆದೆ. ಅವ್ವ ಕೇಳಿದ್ದು ದಿನಾ ಬಾಗಿಲ ಮುಂದೆ ರಂಗೋಲಿ. ಅದಂತೂ ಇತ್ತು. ಕಷ್ಟವಾದದ್ದು ಒಂದೇ ಸಲ. ಸಯನ್ನಿನಲ್ಲಿದ್ದ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು, ನಮಗೂ ಸೂತಕ. ಸೂತಕದಲ್ಲಿ ರಂಗೋಲಿ ಹಾಕುವ ಹಾಗಿಲ್ಲ. ಆದರೆ ನಮ್ಮ ರಂಗೋಲಿಗೆ ಇದು ತಿಳಿಯಬೇಕಲ್ಲ? ವೈನಿ ಅದರ ಮೇಲೆ ಒಂದು ಗೋಣಿಚೀಲ ಹೊದಿಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ಶುದ್ಧಿಯ ದಿನ ಚೀಲ ತೆಗೆದು, ಕೊಡವಿ, ಮಡಿಚಿಟ್ಟಳು.

ರೊಟ್ಟಿಯ ಕಥೆ ಇನ್ನೂ ಜೋರು. ರವಿವಾರ ಕೂತು ನಲವತ್ತು ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ ಡಬ್ಬಿಗೆ ತುಂಬುತ್ತಿದ್ದಳು. ಊರಿನಲ್ಲಿ ದೂರದ ಪ್ರವಾಸಕ್ಕೆ ಹೊರಟವರಿಗೆ ಕಟ್ಟಿಕೊಡುವ ರೊಟ್ಟಿ ಅದು. ಅಣ್ಣ ಪಾಪ ಒಂದು ದಿನ ಕೇಳಿಯೇಬಿಟ್ಟ. "ಅಲ್ಲಾ, ನಾವೆಲ್ಲಿಗೆ ಪ್ರವಾಸ ಹೊಂಟೀವಿ?"

"ದಿನಾ ಎರಡು ತಾಸು ಲೋಕಲ್‌ನ್ಯಾಗ ನಿಂತು ಹೋಗಿ ಬರತೀರಿ. ಅದು ಪ್ರವಾಸ ಅಲ್ಲೇನ್ರಿ?"

ಅಣ್ಣ ರೊಟ್ಟಿ ಮುರಿದ. ಸ್ಟೋವಿನ ಮೇಲೆ ಒಂದು ಕ್ಷಣ ತೋರಿಸಿದ್ದರಿಂದ ಅದು ಬಿಸಿ ರೊಟ್ಟಿಯೂ ಹೌದು! ಆದರೆ ಮೂರು ಜನ ಒಟ್ಟಿಗೆ ಅಗಿಯಲು ಕೂತರೆ ಆಗುವ ಸಪ್ಪಳ ಸಾಮಾನ್ಯವೇ? ಕೆಳಗಿನ ಮನೆಯ ಗುಜರಾತಿ ಬೆನ್ ಒಂದು ದಿನ ಮೇಲೆ ಬಂದು, "ಬಹೆನ್‌ಜೀ, ರೋಜ್ ನೌ ಬಜೇ ಕ್ಯಾ ತೋಡ್ತೇ ಹೋ?" ಎಂದು, ದಿನಾ ರಾತ್ರಿ ಒಂಬತ್ತಕ್ಕೆ ನಾವು ಒಡೆಯುವುದು ಏನನ್ನು ಎಂದು ವಿಚಾರಿಸಿ, ಎರಡು ರೊಟ್ಟಿ ತಿಂದು ಹೋದಳು.

ನೆಲ ಒರೆಸುವ ವಿಷಯದಲ್ಲಿ ಬಲಿಯಾದವಳು ನಾನು. ನನಗೆ ಓಡಾಡುತ್ತಾ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುವ ಚಟ. ವೈನಿ ಒಂದು ವಾರ ಸುಮ್ಮನೆ ನೋಡಿದಳು. ಎಂಟನೆಯ ದಿನ ಎರಡು ಒದ್ದೆ ಅರಿವೆ ತಂದು ನನ್ನ ಕಾಲಿಗೆ ಕಟ್ಟಿದಳು. "ಹೆಂಗೂ ಅಡ್ಡಾಡತಿ. ಸ್ವಲ್ಪ ಮಂಚದ ಕೆಳಗೂ ಕಾಲ ಚಾಚಿ ಓದು." ಇತಿಹಾಸಕ್ಕೆ ಹೊರಕೋಣೆ, ಇಂಗ್ಲಿಷಿಗೆ ಅಡುಗೆಮನೆ, ತರ್ಕಶಾಸ್ತ್ರಕ್ಕೆ ಬಚ್ಚಲಿನ ಸುತ್ತಮುತ್ತ. ಪರೀಕ್ಷೆ ಹತ್ತಿರ ಬಂದಂತೆಲ್ಲ ನೆಲ ಫಳಫಳ ಹೊಳೆಯತೊಡಗಿತು. ಆ ವರ್ಷ ನನಗೆ ಬಂದದ್ದು ಸೆಕೆಂಡ್ ಕ್ಲಾಸು. ನೆಲಕ್ಕೆ ಫಸ್ಟ್ ಕ್ಲಾಸು.

ಇನ್ನು ಲೋಕಲ್ಲು. ನನ್ನ ಕಾಲೇಜೂ ಫೋರ್ಟಿನ ಕಡೆಯೇ; ಸಂಜೆ ಇಬ್ಬರೂ ಗಾಡಿ ಹೊರಡುವ ವಿ.ಟಿ.ಯಲ್ಲೇ ಹತ್ತುವುದರಿಂದ ನಮಗೆ ಕೂಡಲು ಜಾಗ ಸಿಗುತ್ತಿತ್ತು. ವೈನಿ ಸ್ಟೇಷನ್ನಿನ ಹೊರಗೆ ಕೊಂಡ ಚವಳಿಕಾಯಿಯ, ಅಂದರೆ ಗೋರಿಕಾಯಿಯ, ಚೀಲ ಬಿಚ್ಚಿ, ಎದುರಿಗಿದ್ದ ಹೆಂಗಸರಿಗೆಲ್ಲ ಪ್ರಸಾದದಂತೆ ಒಂದೊಂದು ಹಿಡಿ ಹಂಚಿ, "ಘ್ಯಾ ಬಾಯಿ, ಟೈಂಪಾಸ್!" ಎನ್ನುತ್ತಿದ್ದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಆದರೆ ಆ ಹೆಂಗಸರು ನಗುತ್ತಾ, ತಮ್ಮ ತಮ್ಮ ಅತ್ತೆಯರ ಕಥೆ ಹೇಳುತ್ತಾ ನಾರು ಬಿಡಿಸಿ ಕೊಟ್ಟುಬಿಡುತ್ತಿದ್ದರು. ಒಂದು ದಿನ ಒಬ್ಬಳು ಮಾತಿನ ಭರದಲ್ಲಿ ನಮ್ಮ ಕಾಯಿಯನ್ನು ಸೆರಗಿನಲ್ಲೇ ಕಟ್ಟಿಕೊಂಡು ಕುರ್ಲಾದಲ್ಲಿ ಇಳಿದುಹೋದಳು. ಮರುದಿನ ಪಾಪ, ಅದನ್ನೇ ಶೇಂಗಾಪುಡಿ ಹಾಕಿ ಪಲ್ಯ ಮಾಡಿ ಡಬ್ಬಿಯಲ್ಲಿ ತಂದುಕೊಟ್ಟಳು. ವೈನಿಯ ಮುಖ ನೋಡಬೇಕಿತ್ತು!

"ನೋಡಿದೇನು? ಒಗ್ಗರಣಿನೂ ಉಳೀತು."

ಇಷ್ಟೆಲ್ಲ ಉಳಿಸಿ ಉಳಿಸಿ ಅವಳು ಕೂಡಿಡುತ್ತಿದ್ದದ್ದು ಏನನ್ನು ಗೊತ್ತೇ? ಅರ್ಧ ತಾಸು. ಮನೆಗೆ ಬಂದು, ಕುಕ್ಕರ್ ಇಟ್ಟು, ಗ್ಯಾಲರಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಕಟಕಟೆಯ ಮೇಲೆ ಕಾಲು ಚಾಚಿ, ಸುಮ್ಮನಿರುತ್ತಿದ್ದಳು. ಓದುವುದಿಲ್ಲ, ಹೆಣೆಯುವುದಿಲ್ಲ, ಯಾರೊಂದಿಗೂ ಮಾತಿಲ್ಲ. ಏನು ಮಾಡುತ್ತಿದ್ದೀ ಎಂದು ನಾನೊಮ್ಮೆ ಕೇಳಿದೆ.

"ಈ ಅರ್ಧ ತಾಸು ನಾ ಯಾರ ಸೊಸಿನೂ ಅಲ್ಲ, ಯಾರ ಟೈಪಿಸ್ಟೂ ಅಲ್ಲ. ಹೋಗು, ಕುಕ್ಕರಿನ ಸೀಟಿ ಎಣಸು."

ಅಷ್ಟು ಹೊತ್ತಿಗೆ ನಾನು ಪಕ್ಷ ಬದಲಿಸಿಯಾಗಿತ್ತು. ವೈನಿ ಎಂದರೆ ಪ್ರಾಣ. ಅವಳ ನೌಕರಿ ಉಳಿಯಬೇಕು ಎಂಬುದು ಅಣ್ಣನಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು. ಹಾಗಾಗಿ ಅವಳನ್ನು ಹಾಡಿ ಹೊಗಳಿ ಅವ್ವನಿಗೆ ಒಂದು ಉದ್ದನೆಯ ಪತ್ರ ಬರೆದೆ. ಮನೆ ಕನ್ನಡಿಯಂತಿದೆ, ರಂಗೋಲಿ ತಪ್ಪಿಲ್ಲ, ರೊಟ್ಟಿ ತಪ್ಪಿಲ್ಲ ಎಂದೆಲ್ಲ ಬರೆದು, ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ? ಇಲ್ಲ! ಎಲ್ಲ ಕೆಲಸ ಮುಗಿಸಿ ವೈನಿ ದಿನಾ ಸಂಜೆ ಅರ್ಧ ತಾಸು ಕಾಲು ಚಾಚಿ ಸುಮ್ಮನೆ ಕೂಡುತ್ತಾಳೆ ಎಂದು ಹೆಮ್ಮೆಯಿಂದ ಸೇರಿಸಿದೆ.

ಎಂಟನೆಯ ದಿನ ಅವ್ವ ಜೋಳದ ಹಿಟ್ಟಿನ ಚೀಲದ ಸಮೇತ ಬಾಗಿಲಲ್ಲಿ ನಿಂತಿದ್ದಳು. "ಸುಮ್ಮನಽ ಕೂಡತಾಳಂತ? ದೀಪಾ ಹಚ್ಚೂ ಹೊತ್ತಿನ್ಯಾಗ?"

ಮರುದಿನ ಬೆಳಗಿನ ನಾಲ್ಕಕ್ಕೆ ಎದ್ದು ಅವ್ವ ಬಾಗಿಲು ಸಾರಿಸಲು ಹೋದಳು. ರಂಗೋಲಿ ಅಳಿಸಿದಳು. ಅದು ಅಳಿಯಲಿಲ್ಲ. ನೀರು ಹಾಕಿದಳು, ತೆಂಗಿನ ಜುಂಗು ತಂದು ತಿಕ್ಕಿದಳು, ಮೊಣಕಾಲೂರಿ ಕೂತು ಉಪ್ಪು ಹಾಕಿ ತಿಕ್ಕಿದಳು. ಕಮಲ ಇನ್ನಷ್ಟು ಚೊಕ್ಕವಾಗಿ ಅರಳಿತು. ಅವ್ವ ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಇದೇನು ರಂಗೋಲಿನೋ, ಹಣೀಬರಹನೋ!"

ಆಮೇಲೆ ಒಂದೊಂದಾಗಿ ಎಲ್ಲವೂ ಬಯಲಾಯಿತು. ರೊಟ್ಟಿಯ ಡಬ್ಬಿ ಸಿಕ್ಕಿತು. ನನ್ನ ಕಾಲಿನ ಅರಿವೆ ಸಿಕ್ಕಿತು. ಅವ್ವ ಕೂಗಾಡಲಿಲ್ಲ, ಅದೇ ಭಯ. "ರವಿವಾರ ಎಲ್ಲಾರೂ ಮನ್ಯಾಗ ಇರತೀರಲ್ಲ, ಅವತ್ತ ಮಾತಾಡೂಣು" ಎಂದಷ್ಟೇ ಹೇಳಿ, ದಿನಾ ನಾಲ್ಕಕ್ಕೆ ಎದ್ದು ಎಲ್ಲ ಕೆಲಸವನ್ನೂ ತಾನೇ ಮಾಡತೊಡಗಿದಳು. ಗುರುವಾರ ವೈನಿಯ ಬ್ಯಾಗಿನಲ್ಲಿ ಪೆನ್ನು ಹುಡುಕುವಾಗ ನನಗೊಂದು ಕಾಗದ ಸಿಕ್ಕಿತು. ರಾಜೀನಾಮೆ ಪತ್ರ. ಸೋಮವಾರದ ತಾರೀಖು ಹಾಕಿ ತಾನೇ ಟೈಪ್ ಮಾಡಿಕೊಂಡು ಬಂದಿದ್ದಳು, ಒಂದೇ ಒಂದು ತಪ್ಪಿಲ್ಲದೆ. ಅದನ್ನು ಓದಿ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಆ ಹಾಳು ಪತ್ರ ಬರೆದವಳು ನಾನಲ್ಲವೇ?

ಶುಕ್ರವಾರ ಅವ್ವನಿಗೆ ಸಮುದ್ರ ತೋರಿಸಿ, ಸಂಜೆ ವಿ.ಟಿ.ಯಲ್ಲಿ ವೈನಿಯ ಜೊತೆ ಲೋಕಲ್ ಹತ್ತಿದೆವು. ವೈನಿ ಚವಳಿಕಾಯಿಯ ಚೀಲವನ್ನು ಕಾಲ ಕೆಳಗೆ ಬಚ್ಚಿಟ್ಟಳು. ಆದರೆ ಅವಳ ಸಹಪ್ರಯಾಣಿಕರು ಬಿಡಬೇಕಲ್ಲ? "ಕಾಯ್ ವಹಿನೀ, ಆಜ್ ಭಾಜಿ ನಾಹೀ?" ಎಂದು, ಇವತ್ತು ಕಾಯಿಪಲ್ಯ ಇಲ್ಲವೇ ಎಂದು ಕೇಳುತ್ತಾ ಒಬ್ಬಳು ತಾನೇ ಚೀಲ ಎಳೆದು ಹಂಚಿ, ಒಂದು ಹಿಡಿಯನ್ನು ಅವ್ವನ ಮಡಿಲಿಗೂ ಸುರಿದಳು. ಅವ್ವ ಮುಖ ಬಿಗಿದು ಕೂತಳು. ಪಕ್ಕದವಳು ನಾರು ಹಾಗೇ ಬಿಟ್ಟು ಮುರಿಯುವುದನ್ನು ಎಷ್ಟು ಹೊತ್ತು ಅಂತ ನೋಡಿಯಾಳು? "ಅಯ್ಯ, ಹಂಗಲ್ಲವಾ! ಕೊಡಿಲ್ಲೆ!" ಎಂದು ಕಸಿದುಕೊಂಡವಳು, ಕುರ್ಲಾ ಬರುವಷ್ಟರಲ್ಲಿ ಎಲ್ಲರ ಪಾಲಿನದನ್ನೂ ಮುಗಿಸಿದಳು. ವೈನಿಯ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಮನೆಗೆ ಬಂದ ಮೇಲೆ ಅವ್ವ "ಊರ ಮಂದಿ ಮುಟ್ಟಿದ ಪಲ್ಯಾ ನಾ ತಿನ್ನೂದಿಲ್ಲ" ಎಂದು ಬರೀ ಮೊಸರನ್ನ ಉಂಡು ಮಲಗಿದಳು.

ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಎಂದಿನಂತೆ ಅವ್ವನ ಬಳೆಯ ಸಪ್ಪಳ ಕೇಳಿ ನನಗೆ ಎಚ್ಚರವಾಯಿತು. ಅದರ ಹಿಂದೆಯೇ ವೈನಿಯ ಮೆಲುದನಿ. "ಅತ್ತಿಯವರ, ನಳಕ್ಕ ಇನ್ನೂ ನೀರು ಬಂದಿಲ್ಲ. ಬಂದಕೂಡಲೆ ಎಬ್ಬಿಸತೀನಿ. ಒಂದೀಟು ಅಡ್ಡಾಗ್ರಿ."

ಅವ್ವ ಅಡ್ಡಾದಳು. ನೀರು ಆಗಲೇ ಬಂದಿತ್ತು. ವೈನಿ ನಳದ ಬಾಯಿಗೆ ಒಂದು ಅರಿವೆ ಕಟ್ಟಿ ತುದಿಯನ್ನು ಬಕೆಟ್ಟಿನ ತಳದವರೆಗೆ ಬಿಟ್ಟಳು. ನೀರು ಸದ್ದಿಲ್ಲದೆ ಇಳಿಯಿತು. ಭುಸುಗುಡುವ ಪಂಪ್ ಸ್ಟೋವನ್ನು ಮುಟ್ಟದೆ ಬತ್ತಿಯ ಸ್ಟೋವ್ ಹಚ್ಚಿದಳು. ಏನೋ ಕೇಳಲು ಹೋದ ಅಣ್ಣನ ಬಾಯಿಗೆ ಕೈ ಅಡ್ಡ ಹಿಡಿದಳು. ಆಫೀಸಿಗೆ ಹೊರಟಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಬಾಗಿಲು ದಾಟಿದಳು. "ಎಬ್ಬಿಸಬ್ಯಾಡ" ಎಂದು ನನಗೆ ಸನ್ನೆ ಮಾಡಿದಳು.

ಅವ್ವ ಎದ್ದಾಗ ಎಂಟೂವರೆ. ಕಿಟಕಿಯ ಬಿಸಿಲು ಅವಳ ಮೊಣಕಾಲ ತನಕ ಬಂದಿತ್ತು. ಗಾಬರಿಯಿಂದ ಸೆರಗು ಎಳೆದುಕೊಂಡು, "ಅಯ್ಯೋ, ಎಷ್ಟಾತು? ಯಾಕ ಎಬ್ಬಿಸಲಿಲ್ಲ?" ಎಂದಳು.

"ವೈನಿ ಬ್ಯಾಡಂದ್ಲು."

"ಕೆಲಸ?"

"ಎಲ್ಲಾ ಆಗೇದ."

ಅವ್ವ ಏಳಲಿಲ್ಲ. ಹಾಸಿಗೆಯ ಮೇಲೆ ಕೂತು ಬಿಸಿಲನ್ನೇ ನೋಡುತ್ತಿದ್ದಳು. ನನಗಲ್ಲ, ತನಗೇ ಎಂಬಂತೆ ಮಾತಾಡಿದಳು. "ನಮ್ಮತ್ತಿ ಸತ್ತು ಹನ್ನೆರಡು ವರ್ಷಾತು. ಆದ್ರೂ ನಾಕಕ್ಕ ಕಣ್ಣ ತೆರೀತದ ನೋಡು, ಆಕಿ ಬಯ್ತಾಳಂತ. ಮದಿವ್ಯಾಗಿ ಬಂದಾಗಿಂದ ಇಷ್ಟ ಬೆಳಕಿನ್ಯಾಗ ನಾ ಎದ್ದಽ ಇಲ್ಲ."

ಹಾಗೆ ಹೇಳಿ ಅವ್ವ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ.

ಶನಿವಾರ ಆಫೀಸು ಅರ್ಧ ದಿನ. ವೈನಿ ಮೂರಕ್ಕೆ ಬಂದಳು, ಬ್ಯಾಗನ್ನು ಎದೆಗೆ ಅವಚಿಕೊಂಡು. ಅವ್ವ ಚಹಾ ಮಾಡಿ ಅವಳ ಮುಂದಿಟ್ಟಳು.

"ನೀರು ಬಂದಿಲ್ಲಂತ ಸುಳ್ಳ ಹೇಳಿದಿ."

"ಹೌದ್ರಿ ಅತ್ತಿಯವರ."

"ನೌಕರಿ ಬಿಡಬ್ಯಾಡ."

ವೈನಿ ಬ್ಯಾಗನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುವುದಕ್ಕೆ ಅವಳಿಗೂ ಒಳದಾರಿ ಗೊತ್ತಿರಲಿಲ್ಲ. ಅವ್ವ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಬಹಳ ಮೆಲ್ಲಗೆ ಹೇಳಿದಳು.

"ನಾಳೆನೂ ನನ್ನ ಎಬ್ಬಿಸಬ್ಯಾಡವಾ."